ಕಾಡುದಾರಿಯ ದೂರದ ಸೈಕಲ್ ಪಯಣಕ್ಕೆ ಸಿದ್ಧತೆ

ಕಾಡಿನ ದೂರವನ್ನು ಕಿಲೋಮೀಟರುಗಳಲ್ಲಿ ಅಲ್ಲ, ಗಂಟೆಗಳಲ್ಲಿ ಅಳೆಯಬೇಕು. ಡಾಂಬರು ರಸ್ತೆಯಲ್ಲಿ ದಿನಕ್ಕೆ 100 ಕಿಲೋಮೀಟರ್ ಸಲೀಸಾಗಿ ತುಳಿಯುವವರೂ ಬೇರು, ಕಲ್ಲು, ಕೆಸರುಗಳ ಏರುದಾರಿಯಲ್ಲಿ ಸಾಮಾನು ಹೇರಿಕೊಂಡು ಅದರ ಅರ್ಧ ಕ್ರಮಿಸಿದರೆ ಅದೇ ಹೆಚ್ಚು. ಆದ್ದರಿಂದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿರುವ ಕಡಿದಾದ ಜಾಗಗಳನ್ನು ಗುರುತಿಸಿ, ಸೈಕಲ್ ತಳ್ಳಿಕೊಂಡು ನಡೆಯುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೊಬೈಲ್ ಸಂಪರ್ಕ ಸಿಗುವುದಿಲ್ಲವೆಂದೇ ಭಾವಿಸಿ ನಕ್ಷೆಯನ್ನು ಮುಂಚಿತವಾಗಿ ಇಳಿಸಿಕೊಂಡು, ಕಾಗದದ ಪ್ರತಿಯೊಂದನ್ನೂ ಜೊತೆಗಿಡಿ. ಅರಣ್ಯ ಪ್ರವೇಶಕ್ಕೆ ಅನುಮತಿ ಬೇಕಿದ್ದರೆ ದಿನಾಂಕ ಗೊತ್ತುಮಾಡುವ ಮೊದಲೇ ಅದನ್ನು ಪಡೆಯಿರಿ.

ಬಿಡಿಭಾಗಗಳಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಡಿರೇಲರ್ ಹ್ಯಾಂಗರ್. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರನ್ನು ಚೌಕಟ್ಟಿಗೆ ಸೇರಿಸುವ ಈ ಪುಟ್ಟ ಅಲ್ಯೂಮಿನಿಯಂ ತುಂಡು, ಪೆಟ್ಟು ಬಿದ್ದಾಗ ಚೌಕಟ್ಟಿನ ಬದಲು ತಾನೇ ಬಾಗಲೆಂದು ಮೆದುವಾಗಿ ರೂಪುಗೊಂಡಿರುತ್ತದೆ. ಇದರ ಆಕಾರ ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆಯಾಗುವುದರಿಂದ ನಿಮ್ಮ ಚೌಕಟ್ಟಿಗೇ ಹೊಂದುವ ಒಂದನ್ನು ಒಯ್ಯಿರಿ. ಚೈನ್ ಬಿಚ್ಚುವ ಉಪಕರಣವಿದ್ದರೆ, ಡಿರೇಲರ್ ಪೂರ್ತಿ ಮುರಿದರೂ ಚೈನನ್ನು ಗಿಡ್ಡಮಾಡಿ ಒಂದೇ ಗೇರಿನಲ್ಲಿ ಮುಂದೆ ಸಾಗಬಹುದು.

ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. ನಂಬಬಹುದಾದ ತೊರೆಗಳನ್ನು ನಕ್ಷೆಯಲ್ಲಿ ಗುರುತಿಸಿಕೊಂಡು, ನೀರು ಸೋಸುವ ಶೋಧಕವನ್ನು ಒಯ್ದು, ಅವುಗಳ ನಡುವಿನ ಅಂತರಕ್ಕೆ ಸಾಕಾಗುವಷ್ಟನ್ನು, ತುಸು ಹೆಚ್ಚಾಗಿಯೇ, ತುಂಬಿಕೊಳ್ಳಿ. ಮರಗಳಡಿ ಕತ್ತಲೆ ಬೇಗ ಕವಿಯುವುದರಿಂದ ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ತಂಗುವ ಜಾಗವನ್ನು ತಲುಪುವಂತೆ ಪ್ರತಿದಿನದ ಹಂತವನ್ನು ನಿಗದಿಪಡಿಸಿ.