ಭೋಸರಿಯ ಹಳೇ ಪಿಸಿಯಲ್ಲೇ ಓ2 ಓಡಿಸಿದೆ: ನನ್ನ ಅನುಭವ

"ಓ2 ಹಾಕಬೇಡಿ, ಲೆಕ್ಕ ಕೆಡುತ್ತದೆ." ಪುಣೆಯಲ್ಲಿ ಈ ಮಾತನ್ನು ನನಗೆ ಹೇಳದವರೇ ಇಲ್ಲ. ಓ2 ಅಂದರೆ, ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಪ್ರೋಗ್ರಾಂ ವೇಗವಾಗಿ ಓಡುವಂತೆ ಮಾಡು ಅನ್ನುವ ಸೆಟ್ಟಿಂಗ್. ಓ0 ಅಂದರೆ ಆ ಉಸಾಬರಿ ಬೇಡ ಅಂತ. ಭೋಸರಿಯ ಒಂದು ಶೀಟ್ ಮೆಟಲ್ ಕಾರ್ಖಾನೆಯ ನೆಸ್ಟಿಂಗ್ ಪ್ರೋಗ್ರಾಂ (ತಗಡಿನ ಮೇಲೆ ತುಂಡುಗಳನ್ನು ಹೇಗೆ ಜೋಡಿಸಿ ಕತ್ತರಿಸಬೇಕು ಅಂತ ಲೆಕ್ಕ ಹಾಕುವಂಥದ್ದು) ಅದೇ ಭಯಕ್ಕೆ ವರ್ಷಗಟ್ಟಲೆ ಓ0ದಲ್ಲೇ ಓಡುತ್ತಿತ್ತು. ದೊಡ್ಡ ಜಾಬ್ ಒಂದಕ್ಕೆ ಸುಮಾರು 40 ನಿಮಿಷ. ಅಲ್ಲಿಯವರೆಗೆ ಲೇಸರ್ ಮಷಿನ್ ಸುಮ್ನೆ ನಿಂತಿರುತ್ತಿತ್ತು. ಹೊಸ ಪಿಸಿಗಳಿಗೆ 6 ಲಕ್ಷದ ಕೊಟೇಶನ್ ಬಂದಿತ್ತು. ಹಳೇ ಪಿಸಿಯಲ್ಲೇ ವೇಗ ಮಾಡಿಕೊಡಲು ನಾನು ಒಂದೂಕಾಲು ಲಕ್ಷ ಕೇಳಿದೆ. ಮಾಲೀಕರು ಧಾರವಾಡದ ಕಡೆಯವರು. "ಆಗಲಿಲ್ಲ ಅಂದ್ರ ರೊಕ್ಕ ವಾಪಸ್" ಅಂದರು. ಒಪ್ಪಿದೆ.

ಓ2 ಹಾಕಿದ ಕೂಡಲೇ ನಿಜಕ್ಕೂ ಕೆಟ್ಟಿತು. ತಗಡಿನ ಮೇಲೆ ತುಂಡುಗಳು ಒಂದರ ಮೇಲೊಂದು ಬಂದು ಕೂತವು. ಜಿಸಿಸಿ ಅನ್ನುವ ಕಂಪೈಲರ್ ಬಿಟ್ಟು ಕ್ಲಾಂಗ್ ಅನ್ನುವ ಇನ್ನೊಂದನ್ನು ಹಾಕಿದೆ, ಅದರಲ್ಲೂ ಅದೇ ಕತೆ. ನನಗೆ ಧೈರ್ಯ ಬಂದದ್ದೇ ಆಗ. ಎರಡು ಬೇರೆ ಬೇರೆ ಕಂಪೈಲರ್‌ಗಳು ಒಂದೇ ಕಡೆ ಎಡವುವುದು ಅಪರೂಪ ಅಲ್ವಾ? ತೊಂದರೆ ಕೋಡಿನಲ್ಲೇ ಇರಬೇಕು.

ಅರ್ಧ ಫೈಲ್ ಓ0, ಅರ್ಧ ಓ2 ಮಾಡಿ ಒಂದೇ ಪ್ರೋಗ್ರಾಂ ಆಗಿ ಲಿಂಕ್ ಮಾಡಿದೆ. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಕೊನೆಗೆ ಮೂರು ಫೈಲ್ ಉಳಿದವು. ಒಂದರಲ್ಲಿ, ಕೂಡಿಸಿದ ಮೇಲೆ ಸಂಖ್ಯೆ ಚಿಕ್ಕದಾಯಿತಾ ಅಂತ ನೋಡುವ ಓವರ್‌ಫ್ಲೋ ಚೆಕ್ ಇತ್ತು (ಓವರ್‌ಫ್ಲೋ ಅಂದರೆ ಸಂಖ್ಯೆ ತನಗಿಟ್ಟ ಜಾಗ ಮೀರುವುದು). ಸೈನ್ಡ್ ಇಂಟ್ (ಮೈನಸ್ ಬೆಲೆಯನ್ನೂ ಹಿಡಿಯುವ ಪೂರ್ಣಾಂಕ) ಓವರ್‌ಫ್ಲೋ ಆಗುವುದೇ ಇಲ್ಲ ಅಂತ ಕಂಪೈಲರ್ ಅಂದುಕೊಳ್ಳಬಹುದು, ಅದು ಪ್ರೋಗ್ರಾಮಿಂಗ್ ಭಾಷೆಯ ನಿಯಮ. ಹಾಗಾಗಿ ಚೆಕ್ಕನ್ನೇ ಕಿತ್ತುಹಾಕಿತ್ತು. ಯುಬಿಸ್ಯಾನ್ ಅನ್ನುವ ತಪ್ಪು ಹುಡುಕುವ ಸಾಧನ ಅದನ್ನು ಸಾಲು ಸಮೇತ ತೋರಿಸಿತು. ಇನ್ನೊಂದರಲ್ಲಿ ಫ್ಲೋಟನ್ನು (ದಶಮಾಂಶ ಸಂಖ್ಯೆಯನ್ನು) ಪೂರ್ಣಾಂಕ ಅನ್ನುವಂತೆ ಇಂಟ್ ಪಾಯಿಂಟರ್‌ನಿಂದ ಓದುತ್ತಿದ್ದರು. ಇದು ಯುಬಿಸ್ಯಾನ್ ಕಣ್ಣಿಗೆ ಬೀಳುವುದಿಲ್ಲ, ನನ್ನ ಸಮಯ ಜಾಸ್ತಿ ತಿಂದದ್ದು ಇದೇ. ಒಂದೇ ಮೆಮೊರಿಯನ್ನು ಹೀಗೆ ಎರಡು ಬಗೆಯಾಗಿ ಓದಲು ಬಿಡುವ ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಫ್ಲ್ಯಾಗ್ (ಕಂಪೈಲರ್ ಸೆಟ್ಟಿಂಗ್) ಹಾಕಿದಾಗ ಸರಿಹೋಯಿತು, ಅದರಿಂದ ಸುಳಿವು ಸಿಕ್ಕಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೂಡ ಆ ಫ್ಲ್ಯಾಗ್ ಇಟ್ಟುಕೊಂಡೇ ಕಂಪೈಲ್ ಆಗುತ್ತದೆ. ನಾನು ಮಾತ್ರ ಕೋಡನ್ನೇ ಬೈಟುಗಳನ್ನು ನಕಲು ಮಾಡುವ ಮೆಮ್‌ಕಾಪಿಗೆ ಬದಲಿಸಿದೆ. ಓ2ದಲ್ಲಿ ಆ ಕಾಲ್ ಉಳಿಯುವುದೇ ಇಲ್ಲ, ವೇಗಕ್ಕೆ ಪೆಟ್ಟಿಲ್ಲ. ಮೂರನೆಯದು ಬೆಲೆ ಕೊಡದೆ ಬಿಟ್ಟ ವೇರಿಯಬಲ್, ಅದನ್ನು ವಾಲ್‌ಗ್ರಿಂಡ್ ಅನ್ನುವ ಮೆಮೊರಿ ತಪಾಸಣೆಯ ಸಾಧನ ಹಿಡಿಯಿತು.

40 ನಿಮಿಷ 9ಕ್ಕೆ ಇಳಿಯಿತು.

ಓ2ದ ಮುಂದಿನ ಹಂತ ಓ3 ಹಾಕಿ ನೋಡಿದೆ. ಅಲ್ಲಿನ ಹಳೇ ಸೆಲೆರಾನ್ ಪ್ರೊಸೆಸರ್‌ನಲ್ಲಿ ಒಂಚೂರು ನಿಧಾನವೇ ಆಯಿತು. ಲೆಕ್ಕದ ನಿಯಮ ಸಡಿಲಿಸಿ ವೇಗ ಕೊಡುವ ಫಾಸ್ಟ್-ಮ್ಯಾತ್ ಫ್ಲ್ಯಾಗ್ ಇಲ್ಲಿ ನಡೆಯಲಿಲ್ಲ. ಈ ಕೋಡಿನಲ್ಲಿ ಖಾಲಿ ಜಾಗದ ಗುರುತು ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನುವ ಬೆಲೆ), ಆ ಫ್ಲ್ಯಾಗ್ ನ್ಯಾನ್ ಇಲ್ಲವೇ ಇಲ್ಲ ಅಂದುಕೊಳ್ಳುತ್ತದೆ. ಫಲ ಕೊಟ್ಟದ್ದು ಪಿಜಿಒ, ಅಂದರೆ ಪ್ರೋಗ್ರಾಂ ಓಡಿಸಿ ತೆಗೆದ ಪ್ರೊಫೈಲ್ ನೋಡಿ ಮತ್ತೆ ಕಂಪೈಲ್ ಮಾಡುವುದು: 9 ನಿಮಿಷ ಆರೂವರೆ ಆಯಿತು. ಯಾವ ಜಾಬ್‌ಗಳನ್ನು, ಯಾವ ಅಳತೆಯಲ್ಲಿ ಓಡಿಸಿ ಪ್ರೊಫೈಲ್ ತೆಗೆದೆ ಅಂತ ಇಲ್ಲಿ ಹೇಳುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲಿದೆ.

ಕಂಪೈಲರ್‌ನಲ್ಲಿ ದೋಷವೇ ಇರುವುದಿಲ್ಲ ಅಂತಲ್ಲ. ಯೂಟಾ ವಿಶ್ವವಿದ್ಯಾಲಯದವರು 2011ರಲ್ಲಿ, ಕಂಪೈಲರ್ ಪರೀಕ್ಷಿಸಲು ಮನಬಂದಂತೆ ಪ್ರೋಗ್ರಾಂಗಳನ್ನು ಹುಟ್ಟಿಸುವ ಸಿಸ್ಮಿತ್ ಬಗ್ಗೆ ಬರೆದಾಗ, ಅದರಿಂದ 325ಕ್ಕೂ ಹೆಚ್ಚು ಹೊಸ ಬಗ್‌ಗಳು ಸಿಕ್ಕಿದ್ದವು. ನಾನೂ ಅದನ್ನು ನಮ್ಮ ಜಿಸಿಸಿ ಮೇಲೆ ಕೆಲವು ರಾತ್ರಿ ಓಡಿಸಿದೆ. ಒಂದೂ ಸಿಗಲಿಲ್ಲ. ಆಮೇಲೆ ಕೆಲವು ನೂರು ಹಳೇ ಜಾಬ್‌ಗಳನ್ನು ಓ0, ಓ2 ಎರಡರಲ್ಲೂ ಓಡಿಸಿ ಫಲಿತಾಂಶ ಹೋಲಿಸಿದೆ. ಸೆಲೆರಾನ್‌ನಲ್ಲಿ ಬಿಟ್ ಬಿಟ್ ಹೊಂದಿತು. ನನ್ನ ಲ್ಯಾಪ್‌ಟಾಪ್‌ನ ಅದೇ ಯಂತ್ರಕ್ಕೆಂದು ಕಂಪೈಲ್ ಮಾಡಿದ ನೇಟಿವ್ ಬಿಲ್ಡ್‌ನಲ್ಲಿ ಮಾತ್ರ ಗುಣಾಕಾರ, ಕೂಡಿಕೆ ಎರಡನ್ನೂ ಒಂದೇ ಸಲ ಮಾಡುವ ಎಫ್‌ಎಂಎಯಿಂದ ಕೊನೆಯ ಅಂಕಿಗಳು ಬದಲಾಗುತ್ತಿದ್ದವು. ಅದನ್ನು ತಡೆಯಲು ಎಫ್‌ಪಿ-ಕಾಂಟ್ರ್ಯಾಕ್ಟ್ ಫ್ಲ್ಯಾಗ್ ಆಫ್ ಮಾಡಿದ ಮೇಲೆ ಅವೂ ಕೂಡಿಬಂದವು. ಆ ಹೋಲಿಕೆಯ ಪಟ್ಟಿ ನೋಡಿಯೇ ಮಾಲೀಕರು ಉಳಿದ ದುಡ್ಡು ಕೊಟ್ಟರು.

ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ನೋಡಿ ವೇಗ ಹೆಚ್ಚಿಸುವ ಎಲ್‌ಟಿಒ ಬಾಕಿ ಇದೆ. ಆದರೆ ಡಿಎಕ್ಸ್‌ಎಫ್ (ನಕ್ಷೆಯ ಫೈಲ್) ಓದುವ ಲೈಬ್ರರಿಯ ಸೋರ್ಸ್ ಕೋಡ್ ನಮ್ಮ ಕೈಯಲ್ಲಿಲ್ಲ, ಮಾರಿದವರು 80 ಸಾವಿರ ಕೇಳುತ್ತಿದ್ದಾರೆ. ಅಷ್ಟು ಕೊಡುವ ಬದಲು ಆ ಭಾಗವನ್ನು ನಾನೇ ಬರೆಯಲು ಶುರು ಮಾಡಿದ್ದೇನೆ.