ತಾಮ್ರದ ಕಪ್ಪುಪುಡಿ ಲಿಟ್ಮಸ್‌ಗೆ ಜಗ್ಗುವುದಿಲ್ಲ

‘ಲೋಹದ ಆಕ್ಸೈಡ್ ಪ್ರತ್ಯಾಮ್ಲೀಯ, ಅಲೋಹದ್ದು ಆಮ್ಲೀಯ’ ಎಂಬ ಸಾಲನ್ನು ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಗಳಲ್ಲಿ 22 ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಆಕ್ಸೈಡ್ ಎಂದರೆ ಆಮ್ಲಜನಕದೊಡನೆ ಕೂಡಿದ ಸಂಯುಕ್ತ. ಮಾಡಿ ತೋರಿಸಲು ಹೊರಟಾಗಲೇ ಅದರ ತಕರಾರುಗಳು ಗೊತ್ತಾದದ್ದು.

ಮೆಗ್ನೀಸಿಯಂ ಸುಲಭ. 2 ಸೆಂ.ಮೀ. ಪಟ್ಟಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಸಿ. ಜ್ವಾಲೆಯನ್ನು ನೇರವಾಗಿ ನೋಡಬಾರದು. ಬಿಳಿ ಬೂದಿಯನ್ನು ಏಳೆಂಟು ಹನಿ ಬಿಸಿನೀರಿನಲ್ಲಿ ಕದಡಿ. ಕರಗುವುದು ಅತ್ಯಲ್ಪ, ಆದರೂ ಕೆಂಪು ಲಿಟ್ಮಸ್ (ಪ್ರತ್ಯಾಮ್ಲದಲ್ಲಿ ನೀಲಿ, ಆಮ್ಲದಲ್ಲಿ ಕೆಂಪಾಗುವ ಕಾಗದ) ನೀಲಿಯಾಗಲು ಅಷ್ಟು ಸಾಕು.

ಗಂಧಕವನ್ನು ಅಂಗಳದಲ್ಲೇ ಉರಿಸಿ. ಒಮ್ಮೆ ಮಳೆಯೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಸಿ, ಇಡೀ ತರಗತಿ ಕೆಮ್ಮುತ್ತ ಹೊರಗೋಡಿತ್ತು, ತಪ್ಪು ನನ್ನದೇ. ಅರ್ಧ ಕಡಲೆಕಾಳಿನಷ್ಟು ಗಂಧಕ ಸಾಕು. ತಳದಲ್ಲಿ ನೀರಿರುವ ಜಾಡಿಯೊಳಗೆ ಹೊಗೆ ಹಿಡಿದು, ಮುಚ್ಚಿ ಕುಲುಕಿ, ನೀಲಿ ಲಿಟ್ಮಸ್ ಅದ್ದಿ, ಅದು ಕೆಂಪಾಗುತ್ತದೆ. ಒಣ ಅನಿಲದಲ್ಲಿ ಒಣ ಕಾಗದ ಬಣ್ಣ ಬದಲಿಸುವುದಿಲ್ಲ, ನೀರು ಬೇಕೇ ಬೇಕು. ಲಿಟ್ಮಸ್ ಇಲ್ಲವೆಂದು ದಾಸವಾಳದ ರಸ ಬಳಸಬೇಡಿ. ಗಂಧಕದ ಹೊಗೆ ಹೂವಿನ ಬಣ್ಣವನ್ನೇ ತಿಂದುಹಾಕುತ್ತದೆ.

ಇನ್ನು ತಾಮ್ರ. ಅದರ ಕಪ್ಪು ಆಕ್ಸೈಡನ್ನು ನೀರಿಗೆ ಹಾಕಿ ಎಷ್ಟು ಅಲುಗಾಡಿಸಿದರೂ ಪುಡಿ ತಳದಲ್ಲೇ ಕೂರುತ್ತದೆ, ಲಿಟ್ಮಸ್ ಮಿಸುಕುವುದಿಲ್ಲ. ‘ಹಾಗಾದರೆ ಇದು ಪ್ರತ್ಯಾಮ್ಲೀಯ ಅಲ್ಲವೇ ಮೇಡಂ?’ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತಿತ್ತು. ಬಾರದಿದ್ದ ವರ್ಷ ನಾನೇ ಕೇಳುತ್ತಿದ್ದೆ. ಕರಗದ್ದನ್ನು ಲಿಟ್ಮಸ್ ಹೇಗೆ ಗುರುತಿಸೀತು? ಪ್ರನಾಳದಲ್ಲಿ ಚಿಟಿಕೆ ಪುಡಿಗೆ ಸಾರರಿಕ್ತ (ಹೆಚ್ಚು ನೀರು ಬೆರೆತ) ಸಲ್ಫ್ಯೂರಿಕ್ ಆಮ್ಲ ಸೇರಿಸಿ ಮೆಲ್ಲಗೆ ಬಿಸಿ ಮಾಡಿ. ಪ್ರನಾಳದ ಬಾಯಿ ಯಾರ ಮುಖದತ್ತಲೂ ಇರಬಾರದು. ಕಪ್ಪು ಕರಗಿ ದ್ರವ ನೀಲಿಯಾಗುತ್ತದೆ. ನಮ್ಮ ಮಕ್ಕಳಿಗೆ ಆ ನೀಲಿಯನ್ನು ಪರಿಚಯಿಸಬೇಕಾಗಿಯೇ ಇರಲಿಲ್ಲ: ಕೊಳೆರೋಗಕ್ಕೆಂದು ಅಪ್ಪಂದಿರು ಸುಣ್ಣದೊಡನೆ ಬೆರೆಸಿ ಅಡಿಕೆಗೆ ಹೊಡೆಯುವ ಮೈಲುತುತ್ತ ಅದು. ಆಮ್ಲದೊಡನೆ ಸೇರಿ ಲವಣವೂ ನೀರೂ ಆಯಿತು, ಪ್ರತ್ಯಾಮ್ಲೀಯ ಗುಣಕ್ಕೆ ಇದೇ ಸಾಕ್ಷಿ.

ಸತುವಿನ ಆಕ್ಸೈಡ್ ಸಾರರಿಕ್ತ ಆಮ್ಲದಲ್ಲೂ ಕರಗುತ್ತದೆ, ಪ್ರತ್ಯಾಮ್ಲವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲೂ ಕರಗುತ್ತದೆ. ಉಭಯಧರ್ಮಿ ಎನ್ನುವುದು ಇದಕ್ಕೇ. ಎರಡು ಪ್ರನಾಳಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ಅಲೋಹದ ಆಕ್ಸೈಡುಗಳಲ್ಲೂ ಸಾಲು ಮುರಿಯುವುದಿದೆ. ಕಾರ್ಬನ್ ಮಾನಾಕ್ಸೈಡ್ ತಟಸ್ಥ. ಆದರೆ ಅದು ವಿಷ. ತಯಾರಿಸಲು ಹೋಗದೆ ಬಾಯಿಮಾತಿನಲ್ಲೇ ಹೇಳಿ ಮುಂದೆ ಸಾಗಿ.