ಊರು ಬಿಡುವುದೋ ಬೇಡವೋ? ಗಂಟುಮೂಟೆ ಕಟ್ಟುವ ಮುಂಚೆ ಹೀಗೆ ಮಾಡಿ

ಕಳೆದ ಎರಡು ತಿಂಗಳಲ್ಲಿ ನಾಲ್ಕು ಮಂದಿ ನಮ್ಮ ಮನೆ ಜಗಲಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರು. ‘ಹೊರರಾಜ್ಯದಲ್ಲಿ ಒಂದು ಕೆಲಸ ಸಿಕ್ಕಿದೆ ಅಕ್ಕ, ಹೋಗುವುದಾ ಬೇಡವಾ?’ ನಾನು 31 ವರ್ಷ ಬ್ಯಾಂಕಿನಲ್ಲಿ ಇದ್ದವಳು. ಅದರಲ್ಲಿ 12 ವರ್ಷ ವರ್ಗಾವಣೆಯಾಗಿ ಮುಂಬೈ, ಹೈದರಾಬಾದ್, ಎರ್ನಾಕುಲಂ ಸುತ್ತಿದೆ. ಈಗ ಉಡುಪಿಯ ಕುಂಜಿಬೆಟ್ಟಿನಲ್ಲಿ ಇದ್ದೇನೆ. ಹಾಗಾಗಿ ಕೇಳಲು ಬರುವವರು ಜಾಸ್ತಿ.

ಸಂಬಳದ ಅಂಕಿ ಒಂದನ್ನೇ ನೋಡಿ ಹೊರಟು, ವರ್ಷ ತುಂಬುವ ಮೊದಲೇ ಸಾಲ ಹೊತ್ತು ವಾಪಸ್ ಬಂದವರನ್ನು ನೋಡಿದ್ದೇನೆ. ಹೋಗಲೇಬೇಕಾಗಿದ್ದವರು ‘ಅಮ್ಮ ಒಬ್ಬರೇ ಆಗ್ತಾರೆ’ ಎಂದು ಹತ್ತು ವರ್ಷ ಕೂತು, ಕೊನೆಗೆ ಅದೇ ಅಮ್ಮನ ಮೇಲೆ ರೇಗುವುದನ್ನೂ ನೋಡಿದ್ದೇನೆ. ಎರಡೂ ಕಡೆ ತಪ್ಪು ಒಂದೇ. ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿದ್ದು. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊಬೈಲ್‌ನಲ್ಲಿ ಬರೆಯಬೇಡಿ. ಮನೆಯವರೆಲ್ಲ ತೆರೆದು ಓದುವ ಹಾಗೆ ಅದು ಊಟದ ಮೇಜಿನ ಮೇಲೆ ಬಿದ್ದಿರಬೇಕು.

ಹೆಜ್ಜೆ 1: ಕಾರಣ ಒಂದೇ ವಾಕ್ಯದಲ್ಲಿ

ಯಾಕೆ ಹೋಗಬೇಕು ಎಂದು ಒಂದು ವಾಕ್ಯ ಬರೆಯಿರಿ. ‘ನನ್ನ ಕೆಲಸದಲ್ಲಿ ಮುಂದಿನ ಮೆಟ್ಟಿಲು ಇಲ್ಲಿಲ್ಲ’ ಎಂದರೆ ಅದು ಕಾರಣ. ‘ಮೇಲಧಿಕಾರಿ ಸರಿ ಇಲ್ಲ’ ಎಂದರೆ ಕೆಲಸ ಬದಲಿಸಿದರೆ ಸಾಕು, ರಾಜ್ಯ ಬದಲಿಸಬೇಕಾಗಿಲ್ಲ. ಮನೆಯೊಳಗಿನ ಮುನಿಸಾದರೆ ಮಂಗಳೂರಿನಲ್ಲೇ ಬೇರೆ ಮನೆ ಮಾಡಿದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಆಗುವ ಕೆಲಸವಾದರೆ ಮೊದಲು ಅಲ್ಲಿ ಹುಡುಕಿ. ಜಿಲ್ಲೆ ದಾಟುವುದಕ್ಕೂ ರಾಜ್ಯ ದಾಟುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಅದನ್ನು ಐದನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 2: ಮನೆಯಲ್ಲಿ ನೀವು ಮಾಡುವ ಕೆಲಸಗಳ ಪಟ್ಟಿ

ಒಂದು ವಾರ ಪೂರ್ತಿ, ಮನೆಗಾಗಿ ಮಾಡಿದ ಪ್ರತಿ ಸಣ್ಣ ಕೆಲಸವನ್ನೂ ಬರೆಯಿರಿ. ಬಾವಿಯ ಪಂಪ್ ಹಾಕಿದ್ದು. ಗ್ಯಾಸ್ ಸಿಲಿಂಡರ್ ಬದಲಿಸಿದ್ದು. ಅಪ್ಪನ ಬಿಪಿ ಮಾತ್ರೆ ತಂದದ್ದು. ತೆಂಗಿನಕಾಯಿ ಕೀಳುವವನಿಗೆ ನಾಲ್ಕು ಸಲ ಫೋನ್ ಮಾಡಿದ್ದು. ನಾನು ಹೈದರಾಬಾದಿನಲ್ಲಿದ್ದಾಗ ಅಮ್ಮ ಒಂದು ಸಂಜೆ ಫೋನ್ ಮಾಡಿ, ‘ಪಂಪಿನ ಹಸಿರು ಬಟನ್ ಒತ್ತಿದರೆ ಗುಂಯ್ ಅಂತದೆ, ನೀರು ಬರುವುದಿಲ್ಲ’ ಎಂದರು. ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿತ್ತು. ಅದು ಅವರಿಗೆ ಗೊತ್ತಿಲ್ಲ, ನನಗೆ ಅಲ್ಲಿಂದ ಮಾಡಲು ಆಗುವುದಿಲ್ಲ. ಎರಡು ದಿನ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿದರು, ಆ ಮೊಣಕಾಲು ನೋವಿನಲ್ಲಿ.

ಪಟ್ಟಿಯ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು ಮತ್ತು ಫೋನ್ ನಂಬರ್ ಬೀಳಬೇಕು. ‘ಅಕ್ಕಪಕ್ಕದವರು ನೋಡಿಕೊಳ್ತಾರೆ’ ಎಂದು ಬರೆಯಬೇಡಿ. ಯಾರು ಎಂದು ಬರೆಯಿರಿ, ಅವರನ್ನು ಕೇಳಿ ಬರೆಯಿರಿ. ತೋಟ ಇದ್ದರೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಮದ್ದು ಬಿಡಿಸುವವರು ಯಾರು ಎಂಬುದು ಈ ಪಟ್ಟಿಯಲ್ಲೇ ಬರಬೇಕು. ಕೊಳೆರೋಗ ನಿಮ್ಮ ರಜೆಗೆ ಕಾಯುವುದಿಲ್ಲ.

ಹೆಜ್ಜೆ 3: ಕೈಯಲ್ಲಿ ಉಳಿಯುವುದು ಎಷ್ಟು

ನಗರದಿಂದ ನಗರಕ್ಕೆ ಖರ್ಚು ಹೋಲಿಸಿ ಕೊಡುವ ವೆಬ್‌ಸೈಟ್‌ಗಳನ್ನು ನಂಬಬೇಡಿ. ಅವುಗಳಿಗೆ ನಿಮ್ಮದು ಸ್ವಂತ ಮನೆಯೋ, ಹಿತ್ತಲಲ್ಲಿ ಬಸಳೆ ಉಂಟೋ ಗೊತ್ತಿರುವುದಿಲ್ಲ. ನಾನು ಹಾಕಿಸುವ ಮಾದರಿ ಲೆಕ್ಕ ಹೀಗಿದೆ.

ಇಲ್ಲಿ ಸಂಬಳ 40,000. ಸ್ವಂತ ಮನೆ, ಖರ್ಚು 18,000. ಉಳಿಕೆ 22,000. ಅಲ್ಲಿ ಸಂಬಳ 65,000. ಬಾಡಿಗೆ 20,000. ಊಟ, ಕರೆಂಟು, ನೀರು 14,000. ಓಡಾಟ 2,000. ಮೂರು ಜನ ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದರೆ 48,000, ಅಂದರೆ ತಿಂಗಳಿಗೆ 4,000. ಇಲ್ಲಿ ಅಪ್ಪ ಅಮ್ಮನಿಗೆ ಸಹಾಯಕ್ಕೆ ಬರುವವರಿಗೆ 8,000. ಒಟ್ಟು 48,000. ಉಳಿಕೆ 17,000. ಸಂಬಳ 25,000 ಏರಿತು, ಉಳಿತಾಯ 5,000 ಇಳಿಯಿತು. ಕೊನೆಯ ಎರಡು ಸಾಲುಗಳನ್ನು ಜನ ಬರೆಯುವುದೇ ಇಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಸಾಲುಗಳು ಇವೇ. ಇಷ್ಟಾಗಿಯೂ ಹೋಗಬಹುದು, ಮೊದಲನೇ ಪುಟದ ಕಾರಣ ಗಟ್ಟಿ ಇದ್ದರೆ.

ಊರಿಗೆ ಎಷ್ಟು ಸಲ ಬರಬೇಕು ಎಂದು ಪಂಚಾಂಗ ಇಟ್ಟುಕೊಂಡೇ ನೋಡಿ. ನಾಗರಪಂಚಮಿ, ಅಷ್ಟಮಿ, ಚೌತಿ, ದೀಪಾವಳಿ, ಕುಟುಂಬದ ಮನೆಯ ದೈವದ ನೇಮ. ‘ಎಲ್ಲದಕ್ಕೂ ಬರ್ತೇನೆ’ ಎಂದು ಹೇಳಿ ಹೋದವರು ಎರಡನೇ ವರ್ಷ ಬರುವುದಿಲ್ಲ. ಯಾವ ಎರಡಕ್ಕೆ ಖಂಡಿತ ಬರುತ್ತೀರಿ ಎಂದು ಈಗಲೇ ಮನೆಯವರಿಗೆ ಹೇಳಿ.

ಹೆಜ್ಜೆ 4: ಎಲ್ಲಿಗೆ? ಹೋಗಿ ಇದ್ದು ನೋಡಿ

ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ. ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಮನೆ ಬಾಗಿಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಎಂದು ಅಳೆಯಿರಿ. ಮುಂಬೈಗೆ ಮತ್ಸ್ಯಗಂಧ ಇದೆ, ಮಧ್ಯಾಹ್ನ ಹೊರಟರೆ ಮರುದಿನ ಬೆಳಿಗ್ಗೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ, ರೈಲು ನಿಧಾನ. ಗೋವಾಕ್ಕೆ 2023ರ ಡಿಸೆಂಬರ್‌ನಿಂದ ಮಂಗಳೂರು–ಮಡಗಾಂವ್ ವಂದೇ ಭಾರತ್ ಓಡುತ್ತಿದೆ, ಐದು ಗಂಟೆಯೊಳಗೆ ಮುಟ್ಟುತ್ತದೆ. ಹೈದರಾಬಾದಿಗೆ ಉಡುಪಿಯಿಂದ ನೇರ ರೈಲು ಪ್ರತಿದಿನ ಇಲ್ಲ. ರೈಲು ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಚೌತಿಯ ಟಿಕೆಟ್ ಬೇಕಾದರೆ ಆ ದಿನ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರಬೇಕು.

ಎರಡು ಊರುಗಳನ್ನು ಆರಿಸಿ, ಮೂರು ಬೇಡ. ಆಮೇಲೆ ಒಂದೊಂದರಲ್ಲೂ ಹದಿನೈದು ದಿನ ಇದ್ದು ಬನ್ನಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಶನಿವಾರ ಹೋಗಿ, ಚಿಕ್ಕಪ್ಪನ ಮನೆಯಲ್ಲಿ ಉಂಡು, ಸಂಜೆ ಬೀಚು, ಮಾಲ್ ನೋಡಿ, ‘ಊರು ಭಾರೀ ಚೆನ್ನಾಗಿದೆ’ ಎಂದು ಬರುತ್ತಾರೆ. ಅದು ನೆಂಟಸ್ತಿಕೆ. ಅಲ್ಲಿ ಬದುಕುವುದು ಬೇರೆ.

ಕೆಟ್ಟ ತಿಂಗಳಲ್ಲಿ ಹೋಗಿ. ಮುಂಬೈಗೆ ಜುಲೈ. ಹೈದರಾಬಾದಿಗೆ, ಚೆನ್ನೈಗೆ ಮೇ. ಚೆನ್ನೈಯ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ನಮ್ಮ ಹಾಗೆ ಜೂನ್‌ನಲ್ಲಿ ಅಲ್ಲ. ಮೀನು ತಿನ್ನುವವರಾದರೆ ಇನ್ನೊಂದು ನೆನಪಿಡಿ. ನಮ್ಮಲ್ಲಿ ಟ್ರಾಲಿಂಗ್ (ಯಾಂತ್ರಿಕ ದೋಣಿಯ ಮೀನುಗಾರಿಕೆ) ನಿಷೇಧ ಜೂನ್, ಜುಲೈ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14.

ನೆಂಟರ ಮನೆಯಲ್ಲಿ ಇಳಿಯಬೇಡಿ. ಅಲ್ಲಿ ಬಟ್ಟೆ ಒಗೆದು ಕೊಡುವವರು, ಬಿಸಿನೀರು ಕಾಸಿ ಕೊಡುವವರು ಇರುತ್ತಾರೆ. ಕೆಲಸದ ಜಾಗಕ್ಕೆ ಹೊಂದುವ ಬಡಾವಣೆಯಲ್ಲಿ, ನಿಮ್ಮ ಬಜೆಟ್ಟಿನಲ್ಲೇ ಒಂದು ಪಿಜಿ ಹಿಡಿಯಿರಿ. ಊರು ಆರಿಸುವುದೆಂದರೆ ನಿಜವಾಗಿ ಬಡಾವಣೆ ಆರಿಸುವುದು. ಮುಂಬೈಯಲ್ಲಿ ಮುಲುಂಡ್ ಬೇರೆ, ವಿರಾರ್ ಬೇರೆ. ಆಫೀಸು ಇರುವ ರೈಲು ಲೈನಿನಲ್ಲೇ ಮನೆ ಇರಬೇಕು. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ನಡುವೆ ದಿನಾ ರೈಲು ಬದಲಿಸುವ ಮನೆಯನ್ನು ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಹಿಡಿಯಬೇಡಿ.

ಎರಡನೇ ದಿನವೇ ಆಫೀಸಿನ ಹೊತ್ತಿಗೆ ಹೊರಡಿ. ಕೆಲಸ ಇಲ್ಲದಿದ್ದರೂ ಹೊರಡಿ. ನನ್ನ ಅಕ್ಕನ ಮಗನನ್ನು ಹೀಗೆ ಡೊಂಬಿವಿಲಿಗೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಎಂಟೂಕಾಲು. ಬೆನ್ನಿಗೆ ಹಾಕುವ ಚೀಲವನ್ನು ಎಲ್ಲರೂ ಎದೆಗೆ ಹಾಕಿಕೊಂಡಿದ್ದರು. ಅವನೂ ನೋಡಿ ಹಾಗೇ ಹಾಕಿಕೊಂಡ. ಮೊದಲ ರೈಲು ಬಂತು, ಅವನ ಕೈ ಬಾಗಿಲಿನ ಕಂಬಕ್ಕೆ ಮುಟ್ಟಲಿಲ್ಲ. ಎರಡನೆಯದು ಬಂತು, ಹೋಯಿತು. ಮೂರನೆಯದರಲ್ಲಿ ಹಿಂದಿನವರೇ ಅವನನ್ನು ಒಳಗೆ ತಳ್ಳಿದರು. ನಾನು ಹೆಂಗಸರ ಡಬ್ಬಿಯಲ್ಲಿ ಹತ್ತಿದೆ. ದಾದರಿನಲ್ಲಿ ಇಳಿದಾಗ ಬುತ್ತಿಯ ಮುಚ್ಚಳ ಒತ್ತಿ ಸಾರು ಶರ್ಟಿನ ಮೇಲೆಲ್ಲ ಚೆಲ್ಲಿತ್ತು. ಮುಖ ಬೆವರಿ ಒದ್ದೆ. ‘ದಿನಾ ಹೀಗಾ ಚಿಕ್ಕಮ್ಮ?’ ಎಂದ. ‘ದಿನಾ ಹೀಗೇ’ ಎಂದೆ. ಹತ್ತು ದಿನ ಹಾಗೇ ಓಡಾಡಿದ. ಹನ್ನೊಂದನೇ ದಿನ ಮೊದಲ ರೈಲಿಗೇ ಹತ್ತಿದ. ಈಗ ಅಲ್ಲಿ ಒಂಬತ್ತು ವರ್ಷವಾಯಿತು. ಅವನ ಜೊತೆಗೇ ನೋಡಲು ಬಂದ ಇನ್ನೊಬ್ಬ ಹುಡುಗ ನಾಲ್ಕನೇ ದಿನ ‘ನನಗೆ ಆಗುವುದಿಲ್ಲ’ ಎಂದು ವಾಪಸ್ ಹೋಗಿ ಮಣಿಪಾಲದಲ್ಲಿ ಕೆಲಸ ಹಿಡಿದ. ಅವನ ತೀರ್ಮಾನವೂ ಸರಿಯೇ. ಆ ಹದಿನೈದು ದಿನದ ಖರ್ಚು ಇಬ್ಬರಿಗೂ ದಂಡವಾಗಲಿಲ್ಲ.

ಉಳಿದ ದಿನಗಳಲ್ಲಿ ನೋಡಬೇಕಾದದ್ದು: ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ, ಟ್ಯಾಂಕರ್ ತರಿಸುತ್ತಾರಾ ಎಂದು ವಾಚ್‌ಮನ್ ಹತ್ತಿರ ಕೇಳಿ. ಮನೆ ಮಾಲೀಕರು ಇದಕ್ಕೆ ಸರಿಯಾಗಿ ಉತ್ತರ ಕೊಡುವುದಿಲ್ಲ. ರಾತ್ರಿ ಹತ್ತಕ್ಕೆ ಮೆಡಿಕಲ್ ಶಾಪ್ ತೆರೆದಿರುತ್ತದಾ ನೋಡಿ. ಒಂದು ದಿನ ಜ್ವರ ಬಂದವರ ಹಾಗೆ ರೂಮಿನಲ್ಲೇ ಇರಿ, ಗಂಜಿ ಮಾಡಿಕೊಂಡು ಕುಡಿಯಿರಿ. ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಎಂದು ಆ ದಿನ ಗೊತ್ತಾಗುತ್ತದೆ. ಒಂದು ಭಾನುವಾರ ಸಂಜೆ ಯಾರಿಗೂ ಫೋನ್ ಮಾಡದೆ ಒಬ್ಬರೇ ಕೂರಿ. ಹೊಸ ಊರಿನಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಅದೇ. ಹೆಂಡತಿ ಅಥವಾ ಗಂಡ ಜೊತೆಗೆ ಬರುವುದಾದರೆ ಅವರೂ ಈ ಹದಿನೈದು ದಿನ ಅಲ್ಲೇ ಇರಬೇಕು. ಆಫೀಸಿಗೆ ಹೋಗುವವರಿಗೆ ಅಲ್ಲಿ ಹತ್ತು ಜನ ಸಿಗುತ್ತಾರೆ. ಮನೆಯಲ್ಲಿ ಉಳಿಯುವವರಿಗೆ ಯಾರು ಸಿಗುತ್ತಾರೆ?

ಮುಂಬೈಯಲ್ಲಿ ಈ ವಿಷಯದಲ್ಲಿ ನಮ್ಮವರಿಗೆ ಅನುಕೂಲ ಜಾಸ್ತಿ. ತುಳು, ಕನ್ನಡ, ಕೊಂಕಣಿ ಮಾತಾಡುವವರ ಸಂಘಗಳಿವೆ, ಯಕ್ಷಗಾನ ಬಯಲಾಟ ಬರುತ್ತದೆ, ಮಾಟುಂಗದಲ್ಲಿ ಬಾಳೆಎಲೆ ಊಟ ಸಿಗುತ್ತದೆ. ಮೊದಲ ಸಲ ರಾಜ್ಯ ಬಿಡುವವರಿಗೆ ನನ್ನ ಸಲಹೆ ಮುಂಬೈಯೇ. ಹೈದರಾಬಾದಿನಲ್ಲಿ ನನಗೆ ಮನೆ ದೊಡ್ಡದು ಸಿಕ್ಕಿತು. ತುಳು ಮಾತಾಡಲು ಮಾತ್ರ ಎರಡು ತಿಂಗಳು ಯಾರೂ ಸಿಗಲಿಲ್ಲ.

ತಲಪಾಡಿ ದಾಟಿ ಮಂಜೇಶ್ವರದಲ್ಲಿ ಮನೆ ಮಾಡಿ ಮಂಗಳೂರಿಗೆ ಕೆಲಸಕ್ಕೆ ಬರುವ ಯೋಚನೆ ಕೆಲವರಿಗೆ ಇರುತ್ತದೆ. ಕನ್ನಡ ಶಾಲೆಗಳೂ ಅಲ್ಲಿವೆ. ಆದರೆ ಕಾಗದಪತ್ರದ ಲೆಕ್ಕದಲ್ಲಿ ಅದೂ ಕೇರಳವೇ.

ಹೆಜ್ಜೆ 5: ರಾಜ್ಯ ದಾಟಿದರೆ ಬದಲಾಗುವುದು

ಮಕ್ಕಳಿದ್ದರೆ ಇದನ್ನು ಎರಡು ಸಲ ಓದಿ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ಒಂದೇ ಕಲಂನಿಂದ. 1ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಮಗು 5ನೇ ತರಗತಿ ಮುಗಿಸಿ ಹೊರಟು, ಮೂರು ವರ್ಷ ಹೊರಗೆ ಓದಿ 9ಕ್ಕೆ ಬಂದರೆ ತೊಂದರೆ ಇಲ್ಲ. 2ನೇ ತರಗತಿಯಲ್ಲಿ ಹೋಗಿ ಪಿಯುಗೆ ಬಂದರೆ ವರ್ಷ ಸಾಲುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಿಗಂತೂ 1ರಿಂದ 10ರವರೆಗೆ ಹತ್ತೂ ವರ್ಷ ಬೇಕು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆ ಕಲಂ ಇದೆ, ಅದಕ್ಕೆ ಕನ್ನಡ ಪರೀಕ್ಷೆ ಬರೆಯಬೇಕು. ಹೊರಡುವ ವರ್ಷದ ಸಿಇಟಿ ಕೈಪಿಡಿಯನ್ನು ಇಳಿಸಿಕೊಂಡು ನೀವೇ ಓದಿ. ಏಜೆಂಟರ ಮಾತು ಕೇಳಿ ತೀರ್ಮಾನ ಮಾಡಬೇಡಿ.

ಜಾತಿ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಇಲ್ಲಿಯ ಪರಿಶಿಷ್ಟ ಜಾತಿ, ಪಂಗಡದ ಮೀಸಲಾತಿ ವಲಸೆ ಹೋದ ರಾಜ್ಯದಲ್ಲಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಶಾಲೆಯ ಭಾಷೆಯೂ ಬದಲಾಗುತ್ತದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಕೇರಳದಲ್ಲಿ 2017ರಿಂದ ಮಲಯಾಳ, ತೆಲಂಗಾಣದಲ್ಲಿ 2018ರಿಂದ ತೆಲುಗು. ಸಣ್ಣ ಮಕ್ಕಳು ಬೇಗ ಕಲಿಯುತ್ತಾರೆ. ಎಂಟನೇ ತರಗತಿಯ ಮಗುವನ್ನು ಕರೆದುಕೊಂಡು ಹೋಗುವುದಾದರೆ ಎರಡು ವರ್ಷ ತಡೆದು, ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿ.

ಗಾಡಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಲ್ಲಿ ಮತ್ತೆ ತೆರಿಗೆ, ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದದ್ದನ್ನು ವಾಪಸ್ ಪಡೆಯಲು ಬೇರೆ ಅರ್ಜಿ. ಕೆಎ 20ರ ಹಳೆಯ ಸ್ಕೂಟರ್ ಆದರೆ ಮಾರಿಬಿಡಿ. ಹೊಸ ಕಾರು ತೆಗೆಯುವವರಿದ್ದು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯಲ್ಲಿ ಕೆಲಸವಾದರೆ ರಾಜ್ಯ ಬದಲಿಸಿದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ತೆಗೆದುಕೊಳ್ಳಿ.

ಉಳಿದದ್ದು ಸುಲಭ. ಮೊಬೈಲ್ ನಂಬರ್ ಅದೇ ಇರಲಿ, ಪಿಎಫ್‌ನ ಖಾತೆ ಸಂಖ್ಯೆ ಯುಎಎನ್ ಅದೇ, ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರ್ಮ್ 8, ಮಗುವಿನ ಟಿಸಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ.

ಹೆಜ್ಜೆ 6: ಹೊರಡುವುದು

ಏಪ್ರಿಲ್ ಕೊನೆ ಅಥವಾ ಮೇಯಲ್ಲಿ ಹೊರಡಿ, ಮಳೆ ಹಿಡಿಯುವ ಮೊದಲು. ಮೊದಲ ವರ್ಷ ಅಲ್ಲಿ ಫ್ಲಾಟ್ ಖರೀದಿಸಬೇಡಿ, ಇಲ್ಲಿಯ ಜಾಗ ಮಾರಬೇಡಿ. ಬಾಡಿಗೆ ಕರಾರು ಬರಹದಲ್ಲೇ ಇರಲಿ. ಮಹಾರಾಷ್ಟ್ರದಲ್ಲಿ 11 ತಿಂಗಳ ಕರಾರನ್ನೂ ನೋಂದಣಿ ಮಾಡಿಸಬೇಕು, ‘ನೋಟರಿ ಸಾಕು’ ಎನ್ನುವವರಿಗೆ ಒಪ್ಪಬೇಡಿ. ಸಾಮಾನು ಸಾಗಿಸುವವರಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹೇಳಿದವರನ್ನು ಬಿಡಿ. ನನ್ನ ಸಾಮಾನನ್ನು ಒಬ್ಬರು ಎರ್ನಾಕುಲಂನಲ್ಲಿ ಲಾರಿಯಿಂದ ಇಳಿಸುವ ಮೊದಲು ಇನ್ನೂ 9,000 ಕೇಳಿದರು. ಇಳಿಸುವ ಕೂಲಿಯೂ ಸೇರಿ ಎಷ್ಟು ಎಂದು ಬರೆಸಿಕೊಳ್ಳಿ. ಮರದ ಕಪಾಟು ಕೊಂಡುಹೋಗಬೇಡಿ. ಕಲ್ಲಿನ ಗ್ರೈಂಡರ್ ಕೊಂಡುಹೋಗಿ, ಮಿಕ್ಸಿಯಲ್ಲಿ ನೀರುದೋಸೆಯ ಹಿಟ್ಟು ನುಣ್ಣಗೆ ಆಗುವುದಿಲ್ಲ.

ಇಲ್ಲಿಯ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಜೂನ್ ಮುಂಚೆ ಹಂಚು ನೋಡಿಸಿ, ಅಂಗಳದ ತೋಡು ಬಿಡಿಸಿ, ಮೇನ್ ಸ್ವಿಚ್ ಆಫ್ ಮಾಡಿ. ರೇಷ್ಮೆ ಸೀರೆ ಕಪಾಟಿನಲ್ಲಿ ಬಿಡಬೇಡಿ, ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವಾಗ ಬೂಸ್ಟು ಹಿಡಿದಿರುತ್ತದೆ. ಒಂದು ಕೀಲಿಕೈ ಹತ್ತಿರದ ಮನೆಯವರಿಗೆ ಕೊಟ್ಟು, ಬಿಸಿಲು ಬಂದ ದಿನ ಕಿಟಕಿ ತೆಗೆದಿಡಲು ಹೇಳಿ ಹೋಗಿ.